ರಕ್ತನಾಳಕ್ಕೆ ಕೊಡುವ ಕೊಬ್ಬಿನ ಎಮಲ್ಷನ್ ಮತ್ತು ರೋಗಿಯ ರಕ್ತದ ಕೊಬ್ಬಿನಾಮ್ಲಗಳು

ಬಾಯಿಯಿಂದಾಗಲಿ ಮೂಗಿನ ನಳಿಕೆಯಿಂದಾಗಲಿ ಸಾಕಷ್ಟು ಆಹಾರ ಕೊಡಲಾಗದ ರೋಗಿಗೆ ನೇರವಾಗಿ ರಕ್ತನಾಳಕ್ಕೆ ಹರಿಸುವ, ಎಣ್ಣೆಯ ಅತಿಸಣ್ಣ ಹನಿಗಳು ತೇಲುವ ಬಿಳಿ ದ್ರವವೇ ಕೊಬ್ಬಿನ ಎಮಲ್ಷನ್. ಎಣ್ಣೆ ನೀರಿನಲ್ಲಿ ಕರಗದು. ಅದನ್ನು ಹಾಗೆಯೇ ರಕ್ತಕ್ಕೆ ಬಿಟ್ಟರೆ ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳು ಕಟ್ಟಿಕೊಂಡು ಪ್ರಾಣವೇ ಹೋಗುತ್ತದೆ. ಹಾಗಾಗಿ ಮೊಟ್ಟೆಯ ಹಳದಿಯಿಂದ ತೆಗೆದ ಫಾಸ್ಫೋಲಿಪಿಡ್ ಬೆರೆಸಿ, ಹನಿಗಳನ್ನು ಅರ್ಧ ಮೈಕ್ರಾನಿನಷ್ಟು ಚಿಕ್ಕದಾಗಿ ಒಡೆದು, ರಕ್ತಕ್ಕೆ ಹೊಂದುವಂತೆ ಗ್ಲಿಸರಾಲ್ ಸೇರಿಸಿ ತಯಾರಿಸುತ್ತಾರೆ. ವಾರ್ಡಿನಲ್ಲಿ ಇದನ್ನು ಲಿಪಿಡ್ ಎಂದಷ್ಟೇ ಕರೆಯುವುದು ವಾಡಿಕೆ. ಶೇಕಡ 20ರ ಎಮಲ್ಷನ್ನಿನ ಒಂದು ಮಿಲಿಲೀಟರಿನಲ್ಲಿ ಸುಮಾರು 2 ಕಿಲೋಕ್ಯಾಲರಿ ಶಕ್ತಿ ಇರುತ್ತದೆ.

ಶಕ್ತಿಗಾಗಿ ಕೊಡುವ ಈ ದ್ರವವನ್ನು ಕ್ಯಾಲರಿಯ ಲೆಕ್ಕದಲ್ಲಷ್ಟೇ ನೋಡುವುದು ಹಲವು ಕಾಲ ನಡೆದುಬಂದ ರೂಢಿ. ಆದರೆ ಬಾಟಲಿಯಲ್ಲಿರುವುದು ಯಾವ ಎಣ್ಣೆ ಎಂಬುದರ ಮೇಲೆ ರೋಗಿಯ ರಕ್ತದ ಕೊಬ್ಬಿನಾಮ್ಲಗಳ ಪ್ರಮಾಣ ಬದಲಾಗುತ್ತದೆ. ರಕ್ತದಿಂದ ಆ ಬದಲಾವಣೆ ಕೆಂಪು ರಕ್ತಕಣದ ಪೊರೆಗೆ, ಯಕೃತ್ತಿಗೆ, ಕಣ್ಣು ಮತ್ತು ಮಿದುಳಿಗೆ ಸಾಗುತ್ತದೆ. ಊಟ ಮಾಡುವವರ ದೇಹಕ್ಕೆ ನಾಲ್ಕಾರು ಬಗೆಯ ಕೊಬ್ಬು ಸೇರುತ್ತದೆ. ಲಿಪಿಡ್ಡನ್ನೇ ನಂಬಿದ ರೋಗಿಗೆ ಆ ಒಂದು ಬಾಟಲಿಯ ಎಣ್ಣೆಯೇ ಎಲ್ಲ. ಆದ್ದರಿಂದ ಎಷ್ಟು ಕೊಟ್ಟೆವು ಎಂಬುದರಷ್ಟೇ ಮುಖ್ಯ, ಏನನ್ನು ಕೊಟ್ಟೆವು ಎಂಬುದು.

     

ಹಿನ್ನೆಲೆ

ಹದಿನೇಳನೆಯ ಶತಮಾನದಲ್ಲೇ ಇಂಗ್ಲೆಂಡಿನ ವಿಲಿಯಂ ಕೋರ್ಟನ್ ನಾಯಿಯ ರಕ್ತನಾಳಕ್ಕೆ ಆಲಿವ್ ಎಣ್ಣೆ ಬಿಟ್ಟು ನೋಡಿದ, ನಾಯಿ ಸತ್ತಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಕೆನಡಾದ ಎಡ್ವರ್ಡ್ ಹಾಡರ್ ಕಾಲರಾ ರೋಗಿಗಳಿಗೆ ಹಸುವಿನ ಹಾಲನ್ನೇ ರಕ್ತನಾಳದ ಮೂಲಕ ಕೊಟ್ಟ. 1920ರ ದಶಕದಲ್ಲಿ ಜಪಾನಿನ ಯಮಕಾವ ಹರಳೆಣ್ಣೆಯ ಎಮಲ್ಷನ್ ತಯಾರಿಸಿದ. ಅಮೆರಿಕದಲ್ಲಿ ಹತ್ತಿಬೀಜದ ಎಣ್ಣೆಯಿಂದ ಮಾಡಿದ ಲಿಪೊಮುಲ್ ಕೆಲವು ವರ್ಷ ಬಳಕೆಯಲ್ಲಿದ್ದು, ಜ್ವರ, ಕಾಮಾಲೆ, ರಕ್ತ ಹೆಪ್ಪುಗಟ್ಟುವಿಕೆಯ ತೊಂದರೆಗಳಿಂದಾಗಿ 1960ರ ದಶಕದ ನಡುವಿನ ಹೊತ್ತಿಗೆ ಮಾರುಕಟ್ಟೆಯಿಂದ ಮರೆಯಾಯಿತು.

ನಿಜವಾದ ತಿರುವು ಬಂದದ್ದು ಸ್ವೀಡನ್ನಿನಿಂದ. ಆರ್ವಿಡ್ ವ್ರೆಟ್ಲಿಂಡ್ ಸೋಯಾ ಎಣ್ಣೆ ಮತ್ತು ಮೊಟ್ಟೆಯ ಫಾಸ್ಫೋಲಿಪಿಡ್ ಸೇರಿಸಿ ಮಾಡಿದ ಇಂಟ್ರಾಲಿಪಿಡ್ 1960ರ ದಶಕದ ಆರಂಭದಲ್ಲಿ ಆಸ್ಪತ್ರೆಗಳಿಗೆ ಬಂತು. ಅಮೆರಿಕದಲ್ಲಿ ಲಿಪೊಮುಲ್‌ನ ಕಹಿ ಅನುಭವ ಹಾಗೇ ಉಳಿದಿದ್ದರಿಂದ ಅಲ್ಲಿ ಇದಕ್ಕೆ ಒಪ್ಪಿಗೆ ಸಿಕ್ಕಿದ್ದು 1975ರಲ್ಲಿ. ಈ ನಡುವೆ ಫಿಲಡೆಲ್ಫಿಯಾದ ಸ್ಟ್ಯಾನ್ಲಿ ಡಡ್ರಿಕ್ ಮತ್ತು ಸಂಗಡಿಗರು ದೊಡ್ಡ ರಕ್ತನಾಳಕ್ಕೆ ಗಟ್ಟಿ ಗ್ಲೂಕೋಸ್ ಮತ್ತು ಅಮೈನೋ ಆಮ್ಲ ಕೊಟ್ಟು ರೋಗಿಯನ್ನು ಬದುಕಿಸಿ ಬೆಳೆಸಬಹುದೆಂದು ತೋರಿಸಿದ್ದರು. ಕೊಬ್ಬಿಲ್ಲದ ಆ ಪೋಷಣೆಯೇ ಒಂದು ದೊಡ್ಡ ಪಾಠ ಕಲಿಸಿತು.

ಕೊಬ್ಬೇ ಸಿಗದಿದ್ದಾಗ

ಲಿನೋಲಿಯಿಕ್ ಆಮ್ಲ ಮತ್ತು ಆಲ್ಫಾ ಲಿನೋಲೆನಿಕ್ ಆಮ್ಲ ಎಂಬ ಎರಡು ಕೊಬ್ಬಿನಾಮ್ಲಗಳನ್ನು ಮನುಷ್ಯನ ದೇಹ ತಾನಾಗಿ ತಯಾರಿಸಲಾರದು. ಮೊದಲನೆಯದು ಒಮೆಗಾ-6 ವರ್ಗದ್ದು, ಎರಡನೆಯದು ಒಮೆಗಾ-3 ವರ್ಗದ್ದು. ಇಂಥ ಕೊಬ್ಬಿನಾಮ್ಲ ಆಹಾರದಲ್ಲಿ ಇರಲೇಬೇಕೆಂದು ಮಿನ್ನೆಸೋಟದ ಜಾರ್ಜ್ ಮತ್ತು ಮಿಲ್ಡ್ರೆಡ್ ಬರ್ ದಂಪತಿ 1929ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದ್ದರು. ಮನುಷ್ಯರಲ್ಲಿ ಈ ಕೊರತೆ ಇಷ್ಟು ಬೇಗ ಬರುತ್ತದೆ ಎಂದು ಮಾತ್ರ ಯಾರೂ ಊಹಿಸಿರಲಿಲ್ಲ. ಚರ್ಮದ ಕೆಳಗೆ ಕಿಲೋಗಟ್ಟಲೆ ಕೊಬ್ಬು ಇಟ್ಟುಕೊಂಡ ವಯಸ್ಕನಿಗೂ ವಾರಗಳಲ್ಲೇ ಕೊರತೆ ಕಾಣಿಸಿದ್ದು ಯಾಕೆ?

ಉತ್ತರ ಇನ್ಸುಲಿನ್ನಿನಲ್ಲಿದೆ. ಗ್ಲೂಕೋಸನ್ನು ಹಗಲೂ ರಾತ್ರಿ ಬಿಡದೆ ಹರಿಸಿದರೆ ಇನ್ಸುಲಿನ್ ಏರಿಯೇ ಇರುತ್ತದೆ; ಅದು ಏರಿರುವಷ್ಟು ಕಾಲ ಮೈಯ ಕೊಬ್ಬು ಕರಗದು. ಅಲ್ಲಿ ಕೂಡಿಟ್ಟ ಲಿನೋಲಿಯಿಕ್ ಆಮ್ಲ ಇದ್ದೂ ಇಲ್ಲದಂತೆ. 1975ರಲ್ಲಿ ವೆನ್, ಕಾನರ್ ಮತ್ತು ಡೆನ್‌ಬೆಸ್ಟನ್ ಆರೋಗ್ಯವಂತ ಗಂಡಸರಿಗೆ ಕೊಬ್ಬಿಲ್ಲದ ಪೋಷಣೆಯನ್ನು ರಕ್ತನಾಳದ ಮೂಲಕವೂ ಜಠರದ ಮೂಲಕವೂ ಬಿಡದೆ ಕೊಟ್ಟು ನೋಡಿದರು. ಎರಡು ದಾರಿಯಲ್ಲೂ ರಕ್ತದ ಲಿನೋಲಿಯಿಕ್ ಆಮ್ಲ ಇಳಿಯಿತು. ತಪ್ಪು ದಾರಿಯದಲ್ಲ, ಕೊಬ್ಬಿಲ್ಲದ ಆಹಾರ ಬಿಡುವಿಲ್ಲದೆ ಹರಿದದ್ದರದು.

ಈ ಕೊರತೆಯನ್ನು ಗುರುತಿಸುವ ಬಗೆ ಸೊಗಸಾಗಿದೆ. ಲಿನೋಲಿಯಿಕ್ ಆಮ್ಲ ಸಿಕ್ಕಾಗ ದೇಹದ ಕಿಣ್ವಗಳು ಅದನ್ನು ನಾಲ್ಕು ಜೋಡಿ ಬಂಧಗಳ ಅರಾಕಿಡಾನಿಕ್ ಆಮ್ಲವಾಗಿ ಬೆಳೆಸುತ್ತವೆ. ಅದು ಸಿಗದೇ ಹೋದಾಗ ಅದೇ ಕಿಣ್ವಗಳು ದೇಹವೇ ಮಾಡಿಕೊಳ್ಳುವ ಓಲಿಯಿಕ್ ಆಮ್ಲವನ್ನು ಹಿಡಿದು ಮೂರು ಜೋಡಿ ಬಂಧಗಳ ಮೀಡ್ ಆಮ್ಲವಾಗಿ ಮಾರ್ಪಡಿಸುತ್ತವೆ. ಮೀಡ್ ಆಮ್ಲಕ್ಕೂ ಅರಾಕಿಡಾನಿಕ್ ಆಮ್ಲಕ್ಕೂ ಇರುವ ಅನುಪಾತವನ್ನು ರಾಲ್ಫ್ ಹೋಲ್ಮನ್ 1960ರಲ್ಲಿ ಅಳತೆಗೋಲಾಗಿ ಮುಂದಿಟ್ಟರು. ಅದು 0.4 ದಾಟಿದರೆ ಕೊರತೆ ಎಂಬುದು ಹಳೆಯ ಲೆಕ್ಕ, ಮುಂದೆ 0.2ನ್ನೇ ಗಡಿಯಾಗಿ ಹಿಡಿದವರೂ ಉಂಟು. ಚರ್ಮ ಒಣಗಿ ಹೊಟ್ಟೇಳುವುದು, ಕೂದಲು ಉದುರುವುದು, ಗಾಯ ಮಾಯದಿರುವುದು, ಪ್ಲೇಟ್‌ಲೆಟ್ ಇಳಿಯುವುದು ಇವೆಲ್ಲ ಆಮೇಲೆ ಕಾಣುವ ಲಕ್ಷಣಗಳು. ರಕ್ತ ಅದಕ್ಕೂ ಮೊದಲೇ ಹೇಳಿರುತ್ತದೆ. ಕೊಬ್ಬಿನ ದಾಸ್ತಾನೇ ಇಲ್ಲದ, ಅವಧಿಗೆ ಮುನ್ನ ಹುಟ್ಟಿದ ಮಗುವಿನಲ್ಲಿ ಈ ಬದಲಾವಣೆಗೆ ಕೆಲವೇ ದಿನ ಸಾಕು.

ಒಮೆಗಾ-3ರ ಪಾಠ ಕಲಿಸಿದ್ದು ಒಬ್ಬ ಬಾಲಕಿ. ಹೊಟ್ಟೆಗೆ ಗುಂಡೇಟು ಬಿದ್ದು ಕರುಳಿನ ಬಹುಭಾಗ ಕಳೆದುಕೊಂಡ ಆರು ವರ್ಷದ ಅವಳಿಗೆ ಕುಸುಬೆ ಎಣ್ಣೆಯ ಎಮಲ್ಷನ್ ಕೊಡುತ್ತಿದ್ದರು. ಕೆಲವು ತಿಂಗಳಲ್ಲಿ ಕೈಕಾಲು ಜೋಮು ಹಿಡಿಯುವುದು, ನಡೆಯಲಾಗದ ನಿಶ್ಶಕ್ತಿ, ಕಾಲುನೋವು, ದೃಷ್ಟಿ ಮಸುಕಾಗುವುದು ಶುರುವಾಯಿತು. ಕುಸುಬೆ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಧಾರಾಳ, ಆಲ್ಫಾ ಲಿನೋಲೆನಿಕ್ ಆಮ್ಲ ಇಲ್ಲವೆನ್ನುವಷ್ಟು ಕಡಿಮೆ. ಎರಡೂ ಇರುವ ಸೋಯಾ ಎಮಲ್ಷನ್ನಿಗೆ ಬದಲಿಸಿದಾಗ ನರದ ತೊಂದರೆಗಳು ಹೋದವು. ಹೋಲ್ಮನ್ ಮತ್ತು ಸಂಗಡಿಗರು 1982ರಲ್ಲಿ ಪ್ರಕಟಿಸಿದ ಈ ವರದಿ, ಮನುಷ್ಯನಿಗೆ ಒಮೆಗಾ-3 ಬೇಕೇ ಬೇಕು ಎಂಬುದಕ್ಕೆ ಮೊದಮೊದಲ ಸಾಕ್ಷ್ಯಗಳಲ್ಲಿ ಒಂದು.

ಕನ್ನಡ ಓದುಗರಿಗೆ ಕುಸುಬೆ ದೂರದ್ದಲ್ಲ. ವಿಜಯಪುರ, ಕಲಬುರಗಿ, ಬೀದರ್ ಸೀಮೆಯ ಅಡುಗೆಮನೆಯಲ್ಲಿ ಅದು ತಲೆಮಾರುಗಳಿಂದ ಬಂದ ಎಣ್ಣೆ. ಅಲ್ಲಿನ ಜನರಿಗೆ ಆ ಬಾಲಕಿಯ ಗತಿ ಬರಲಿಲ್ಲ, ಯಾಕೆಂದರೆ ಯಾರೂ ಕುಸುಬೆ ಎಣ್ಣೆಯೊಂದನ್ನೇ ಉಂಡು ಬದುಕಿಲ್ಲ. ಜೋಳದ ರೊಟ್ಟಿಯ ಪಕ್ಕದಲ್ಲಿ ಅಗಸೆ ಚಟ್ನಿಪುಡಿ ಇರುತ್ತದೆ. ಅಗಸೆಬೀಜದ ಎಣ್ಣೆಯಲ್ಲಿ ಅರ್ಧಕ್ಕೂ ಹೆಚ್ಚು ಭಾಗ ಆಲ್ಫಾ ಲಿನೋಲೆನಿಕ್ ಆಮ್ಲವೇ. ಸೊಪ್ಪು, ಕಾಳುಗಳಿಂದಲೂ ಅಷ್ಟಿಷ್ಟು ಬರುತ್ತದೆ. ಬೆಂಗಳೂರಿನ ವಿಜಯನಗರ, ಬಸವೇಶ್ವರನಗರದ ಖಾನಾವಳಿಗಳಲ್ಲಿ ಇಂದಿಗೂ ತಟ್ಟೆಗೆ ಬೀಳುವ ಆ ಒಂದು ಚಮಚ ಪುಡಿ ಮಾಡುವ ಕೆಲಸವನ್ನು ಐಸಿಯುನಲ್ಲಿ ಬಾಟಲಿಯ ಎಣ್ಣೆಯೇ ಮಾಡಬೇಕು.

ರಕ್ತದೊಳಗಿನ ದಾರಿ

ನಾಳಕ್ಕಿಳಿದ ಹನಿಗಳು ಬೇಗನೆ ರೋಗಿಯ ಎಚ್‌ಡಿಎಲ್ ಕಣಗಳಿಂದ ಅಪೊಲಿಪೊಪ್ರೋಟೀನ್‌ಗಳನ್ನು ಪಡೆದುಕೊಂಡು, ಊಟದ ನಂತರ ಕರುಳಿನಿಂದ ಬರುವ ಕೈಲೊಮೈಕ್ರಾನುಗಳಂತೆಯೇ ವರ್ತಿಸತೊಡಗುತ್ತವೆ. ಸಣ್ಣ ರಕ್ತನಾಳಗಳ ಗೋಡೆಯ ಲಿಪೊಪ್ರೋಟೀನ್ ಲಿಪೇಸ್ ಎಂಬ ಕಿಣ್ವ ಅವುಗಳ ಟ್ರೈಗ್ಲಿಸರೈಡನ್ನು ಒಡೆದು ಕೊಬ್ಬಿನಾಮ್ಲಗಳನ್ನು ಬಿಡಿಸುತ್ತದೆ. ಸ್ನಾಯು ಅವನ್ನು ಉರಿಸುತ್ತದೆ, ಮೈಯ ಕೊಬ್ಬು ಕೂಡಿಡುತ್ತದೆ, ಯಕೃತ್ತು ಮರುಜೋಡಿಸಿ ಮತ್ತೆ ರಕ್ತಕ್ಕೆ ಬಿಡುತ್ತದೆ. ಸೋಂಕು ತಗಲಿದವರಲ್ಲಿ, ತೀರಾ ಬಡಕಲಾದವರಲ್ಲಿ, ಎಳೆಯ ಶಿಶುಗಳಲ್ಲಿ ಈ ಕಿಣ್ವದ ಶಕ್ತಿ ಕಡಿಮೆ. ಆಗ ಎಣ್ಣೆ ರಕ್ತದಲ್ಲೇ ಉಳಿದು ಟ್ರೈಗ್ಲಿಸರೈಡ್ ಏರುತ್ತದೆ. ಹೆಪಾರಿನ್ ಕೊಟ್ಟರೆ ಕಿಣ್ವ ಗೋಡೆ ಬಿಟ್ಟು ರಕ್ತಕ್ಕೆ ಇಳಿಯುತ್ತದೆ, ಬಿಡಿ ಕೊಬ್ಬಿನಾಮ್ಲಗಳು ಒಮ್ಮೆಗೇ ಹೆಚ್ಚುತ್ತವೆ. ಅವು ಅಲ್ಬುಮಿನ್ ಎಂಬ ರಕ್ತದ ಪ್ರೋಟೀನಿನ ಮೇಲೆ, ಕಾಮಾಲೆ ತರುವ ಬಿಲಿರುಬಿನ್ನಿನ ಜಾಗ ಕಸಿದುಕೊಳ್ಳಬಲ್ಲವು. ಹಳದಿ ಕಾಮಾಲೆ ಇರುವ ಶಿಶುವಿಗೆ ಲಿಪಿಡ್ಡನ್ನು ಹುಷಾರಾಗಿ ಕೊಡುವುದು ಇದಕ್ಕೇ.

ಬದಲಾವಣೆ ಎಲ್ಲ ಕಡೆ ಒಂದೇ ವೇಗದಲ್ಲಿ ಆಗುವುದಿಲ್ಲ. ಟ್ರೈಗ್ಲಿಸರೈಡ್ ಮತ್ತು ಬಿಡಿ ಕೊಬ್ಬಿನಾಮ್ಲಗಳು ಗಂಟೆಗಳಲ್ಲಿ ಬಾಟಲಿಯ ಎಣ್ಣೆಯ ಗುಣ ತಳೆಯುತ್ತವೆ. ಪ್ಲಾಸ್ಮಾದ ಫಾಸ್ಫೋಲಿಪಿಡ್‌ಗೆ ದಿನಗಳಿಂದ ವಾರಗಳು ಬೇಕು. ಕೆಂಪು ರಕ್ತಕಣದ ಆಯಸ್ಸು ಸುಮಾರು 120 ದಿನ, ಅದರ ಪೊರೆ ಇನ್ನೂ ನಿಧಾನ. ಮೈಯ ಕೊಬ್ಬು ವರ್ಷಗಳ ಲೆಕ್ಕದ್ದು. ಒಂದು ಅಧ್ಯಯನದಲ್ಲಿ ಬದಲಾವಣೆ ಕಂಡಿತು, ಇನ್ನೊಂದರಲ್ಲಿ ಕಾಣಲಿಲ್ಲ ಎಂದಾಗ, ಯಾವುದನ್ನು ಎಷ್ಟನೆಯ ದಿನ ಅಳೆದರು ಎಂದು ಮೊದಲು ಕೇಳಬೇಕು.

ಶೇಕಡ 10 ಮತ್ತು 20ರ ಇಂಟ್ರಾಲಿಪಿಡ್‌ನಲ್ಲಿ ಫಾಸ್ಫೋಲಿಪಿಡ್ ಪ್ರಮಾಣ ಒಂದೇ, ಶೇಕಡ 1.2. ಅಂದರೆ ಅಷ್ಟೇ ಎಣ್ಣೆ ಕೊಡಲು 10ರದನ್ನು ಬಳಸಿದರೆ ಫಾಸ್ಫೋಲಿಪಿಡ್ ಇಮ್ಮಡಿ ಹೋಗುತ್ತದೆ. ಕಿಣ್ವದ ಕೆಲಸಕ್ಕೆ ಅಡ್ಡಿಯಾಗಿ ಶಿಶುವಿನ ರಕ್ತದಲ್ಲಿ ಕೊಲೆಸ್ಟರಾಲ್ ಏರುತ್ತದೆ. ಆದ್ದರಿಂದಲೇ 20ರದ್ದು ಮೇಲು.

ಎಣ್ಣೆ ಬದಲಾದರೆ

ಸೋಯಾ ಎಣ್ಣೆಯಲ್ಲಿ ಲಿನೋಲಿಯಿಕ್ ಆಮ್ಲ ಅರ್ಧಕ್ಕೂ ತುಸು ಹೆಚ್ಚು, ಆಲ್ಫಾ ಲಿನೋಲೆನಿಕ್ ಆಮ್ಲ ಸುಮಾರು ಶೇಕಡ 8. ಕೊರತೆ ಬರದಂತೆ ಕಾಯಲು ಇದು ಗಟ್ಟಿ ಆಸರೆ. ಅತಿಯಾದಾಗ ಬೇರೆಯದೇ ತೊಂದರೆ: ರಕ್ತದ ಲಿನೋಲಿಯಿಕ್ ಆಮ್ಲ ಏರಿದಷ್ಟೂ ಎಳೆ ಶಿಶುವಿನಲ್ಲಿ ಅರಾಕಿಡಾನಿಕ್ ಆಮ್ಲವೂ, ಒಮೆಗಾ-3 ವರ್ಗದ ಉದ್ದದ ಕೊಬ್ಬಿನಾಮ್ಲವಾದ ಡಿಎಚ್‌ಎಯೂ ಇಳಿಯುತ್ತವೆ. ಕಚ್ಚಾ ಸರಕು ತುಂಬಿ ತುಳುಕಿದರೂ ಅದನ್ನು ಉದ್ದದ ಕೊಬ್ಬಿನಾಮ್ಲವಾಗಿ ಬೆಳೆಸುವ ಕಿಣ್ವಗಳಿಗೆ ಇನ್ನೂ ಬಲ ಬಂದಿರುವುದಿಲ್ಲ.

ಇದಕ್ಕೆ ಹುಡುಕಿದ ಪರಿಹಾರಗಳಲ್ಲಿ ಮೊದಲನೆಯದು ಸೋಯಾ ಎಣ್ಣೆಯನ್ನು ಅರ್ಧಕ್ಕಿಳಿಸಿ, ತೆಂಗಿನೆಣ್ಣೆಯಿಂದ ತೆಗೆಯುವ ಮಧ್ಯಮ ಸರಪಳಿಯ ಕೊಬ್ಬನ್ನು ಉಳಿದರ್ಧ ಸೇರಿಸುವುದು. ಆ ಕೊಬ್ಬು ಬೇಗ ಉರಿದುಹೋಗುತ್ತದೆ, ಪೊರೆಗಳಲ್ಲಿ ಕೂರುವುದಿಲ್ಲ. 1990ರ ದಶಕದಲ್ಲಿ ಬಂದ ಕ್ಲಿನ್‌ಒಲಿಯಿಕ್‌ನಲ್ಲಿ ಐದರಲ್ಲಿ ನಾಲ್ಕು ಪಾಲು ಆಲಿವ್ ಎಣ್ಣೆ, ಒಂದು ಪಾಲು ಸೋಯಾ. ಅದನ್ನು ಪಡೆದವರ ರಕ್ತದಲ್ಲಿ ಓಲಿಯಿಕ್ ಆಮ್ಲ ಏರುತ್ತದೆ. ಓಲಿಯಿಕ್ ಹೆಚ್ಚಾದ ಕಾರಣಕ್ಕೇ ಮೀಡ್ ಆಮ್ಲವೂ ಕೊಂಚ ಏರಬಹುದು. ಅದನ್ನು ಕೊರತೆ ಎಂದು ತಪ್ಪು ತಿಳಿಯಬಾರದು. ಅನುಪಾತವನ್ನೂ ಲಿನೋಲಿಯಿಕ್ ಮಟ್ಟವನ್ನೂ ಕೂಡಿಸಿ ನೋಡಬೇಕು. ಸ್ಮಾಫ್‌ಲಿಪಿಡ್ ನಾಲ್ಕರ ಮಿಶ್ರಣ: ಸೋಯಾ ಶೇಕಡ 30, ಮಧ್ಯಮ ಸರಪಳಿ 30, ಆಲಿವ್ 25, ಮೀನೆಣ್ಣೆ 15. ಅದನ್ನು ಪಡೆದ ರೋಗಿಗಳಲ್ಲಿ ಒಮೆಗಾ-3 ವರ್ಗದ ಇಪಿಎ ಮತ್ತು ಡಿಎಚ್‌ಎ ಏರುತ್ತವೆ, ಲಿನೋಲಿಯಿಕ್ ಮತ್ತು ಅರಾಕಿಡಾನಿಕ್ ಆಮ್ಲ ಇಳಿಯುತ್ತವೆ. ಬರಿಯ ಮೀನೆಣ್ಣೆಯ ಒಮೆಗಾವೆನ್‌ನಲ್ಲಿ ಈ ಪಲ್ಲಟ ಎಲ್ಲಕ್ಕಿಂತ ತೀವ್ರ.

ಮೀನೆಣ್ಣೆಯ ಹೆಸರು ಮನೆಮಾತಾದದ್ದು ಯಕೃತ್ತಿನ ಕಾರಣಕ್ಕೆ. ಕರುಳು ಗಿಡ್ಡವಾಗಿ ತಿಂಗಳುಗಟ್ಟಲೆ ಸೋಯಾ ಲಿಪಿಡ್ ಪಡೆದ ಮಕ್ಕಳಲ್ಲಿ ಪಿತ್ತ ಕಟ್ಟಿಕೊಂಡು ಯಕೃತ್ತು ಕೆಡುತ್ತಿತ್ತು. ಸಸ್ಯ ಎಣ್ಣೆಯಲ್ಲಿರುವ ಫೈಟೊಸ್ಟೆರಾಲ್‌ಗಳ ಕೈವಾಡದ ಶಂಕೆ 1990ರ ದಶಕದಲ್ಲೇ ಎದ್ದಿತ್ತು. 2006ರಲ್ಲಿ ಬಾಸ್ಟನ್ನಿನ ಗುರಾ, ಪುಡರ್ ಮತ್ತು ಸಂಗಡಿಗರು ಮೀನೆಣ್ಣೆಗೆ ಬದಲಿಸಿದ ಇಬ್ಬರು ಶಿಶುಗಳು ಚೇತರಿಸಿಕೊಂಡದ್ದನ್ನು ವರದಿ ಮಾಡಿದರು. ಒಮೆಗಾವೆನ್‌ಗೆ ಅಮೆರಿಕದ ಒಪ್ಪಿಗೆ ಸಿಕ್ಕಿದ್ದು 2018ರಲ್ಲಿ. ಹಾಗೆಂದು ಎಲ್ಲರಿಗೂ ಮೀನೆಣ್ಣೆಯೇ ಸರಿ ಎನ್ನಲಾಗದು. ಅರಾಕಿಡಾನಿಕ್ ಆಮ್ಲವೂ ಬೆಳೆಯುವ ಮಗುವಿಗೆ ಬೇಕಾದದ್ದೇ.

ಒಂದು ಕಿಲೋ ತೂಕದ ಮಗು

ನವಜಾತ ಶಿಶುಗಳ ತೀವ್ರ ನಿಗಾ ಘಟಕವಾದ ಎನ್‌ಐಸಿಯುನಲ್ಲಿ ಒಂದು ಕಿಲೋ ತೂಕದ ಮಗುವಿಗೆ ದಿನಕ್ಕೆ ಮೂರು ಗ್ರಾಂ ಕೊಬ್ಬು ಕೊಡಬೇಕೆಂದರೆ ಶೇಕಡ 20ರ ಲಿಪಿಡ್ 15 ಮಿಲಿಲೀಟರ್ ಬೇಕು. ಸಿರಿಂಜ್ ಪಂಪು ಅದನ್ನು ಇಪ್ಪತ್ನಾಲ್ಕು ಗಂಟೆಗೆ ಹಂಚಿ, ಗಂಟೆಗೆ ಸುಮಾರು 0.6 ಮಿಲಿಲೀಟರಿನಂತೆ ತಳ್ಳುತ್ತಿರುತ್ತದೆ. ಯುರೋಪಿನ ಮಕ್ಕಳ ಪೋಷಣಾ ತಜ್ಞರ 2018ರ ಮಾರ್ಗಸೂಚಿಯಂತೆ ಹುಟ್ಟಿದ ಕೂಡಲೇ, ತಡವಾದರೂ ಎರಡನೆಯ ದಿನದೊಳಗೆ ಲಿಪಿಡ್ ಶುರುವಾಗಬೇಕು. ದಿನಕ್ಕೆ ಕಿಲೋಗೆ ನಾಲ್ಕು ಗ್ರಾಂ ದಾಟಬಾರದು. ಲಿನೋಲಿಯಿಕ್ ಆಮ್ಲ ಕಿಲೋಗೆ ಕನಿಷ್ಠ 0.25 ಗ್ರಾಂ ಇರಬೇಕು. ಸೋಯಾ ಲಿಪಿಡ್‌ನ ಆ 15 ಮಿಲಿಲೀಟರಿನಲ್ಲಿ ಲಿನೋಲಿಯಿಕ್ ಆಮ್ಲ ಸುಮಾರು ಒಂದೂವರೆ ಗ್ರಾಂ ಇರುತ್ತದೆ, ಡಿಎಚ್‌ಎ ಇಲ್ಲವೆನ್ನುವಷ್ಟು ಕಡಿಮೆ. ಅದೇ ಮಗು ಗರ್ಭದಲ್ಲಿ ಇದ್ದಿದ್ದರೆ ಕೊನೆಯ ಮೂರು ತಿಂಗಳಲ್ಲಿ ತಾಯಿಯಿಂದ ದಿನಕ್ಕೆ ಕಿಲೋಗೆ ಸರಿಸುಮಾರು 45 ಮಿಲಿಗ್ರಾಂ ಡಿಎಚ್‌ಎ, ಇನ್ನೂರಕ್ಕೂ ಹೆಚ್ಚು ಮಿಲಿಗ್ರಾಂ ಅರಾಕಿಡಾನಿಕ್ ಆಮ್ಲ ಪಡೆಯುತ್ತಿತ್ತು.

ಡಿಎಚ್‌ಎ ಹೇರಳವಾಗಿ ಸೇರುವುದು ಮಿದುಳು ಮತ್ತು ಅಕ್ಷಿಪಟಲಕ್ಕೆ. ಅವಧಿಗೆ ಮುನ್ನ ಹುಟ್ಟಿದ ಮಕ್ಕಳ ಕುರುಡುತನಕ್ಕೆ ಕಾರಣವಾಗುವ ಆರ್‌ಒಪಿ ಎಂಬ ಅಕ್ಷಿಪಟಲದ ರೋಗದ ಕಡೆಗೆ ನಮ್ಮ ಗಮನ ಹರಿಯುವುದು ಇಲ್ಲೇ. ಬೆಂಗಳೂರಿನ ರಾಜಾಜಿನಗರದಲ್ಲಿ ಡಾ. ಕೆ. ಭುಜಂಗ ಶೆಟ್ಟಿ ಕಟ್ಟಿದ ನಾರಾಯಣ ನೇತ್ರಾಲಯ ಈ ರೋಗದ ವಿಷಯದಲ್ಲಿ ದೇಶಕ್ಕೇ ಮಾದರಿಯಾದ ಕೆಲಸ ಮಾಡಿದೆ. ಡಾ. ಆನಂದ್ ವಿನೇಕರ್ ನೇತೃತ್ವದಲ್ಲಿ 2008ರಲ್ಲಿ ಆರಂಭವಾದ ಕಿಡ್‌ರಾಪ್ ಯೋಜನೆಯಲ್ಲಿ ತರಬೇತಿ ಪಡೆದ ತಂತ್ರಜ್ಞರು ಒಯ್ಯಬಹುದಾದ ಕ್ಯಾಮೆರಾ ಹಿಡಿದು ಜಿಲ್ಲೆಗಳ ಎನ್‌ಐಸಿಯುಗಳಿಗೆ ಹೋಗಿ ಶಿಶುಗಳ ಕಣ್ಣಿನ ಒಳಚಿತ್ರ ತೆಗೆಯುತ್ತಾರೆ. ತಜ್ಞರು ದೂರದಿಂದಲೇ ಅವನ್ನು ನೋಡಿ ತೀರ್ಮಾನ ಹೇಳುತ್ತಾರೆ. ಭಾರತದಲ್ಲಿ 34 ವಾರಕ್ಕೆ ಮುನ್ನ ಹುಟ್ಟಿದ, ಇಲ್ಲವೇ ಎರಡು ಕಿಲೋಗಿಂತ ಕಡಿಮೆ ತೂಕದ ಮಗುವಿಗೆ ಮೂವತ್ತು ದಿನದೊಳಗೆ ಈ ತಪಾಸಣೆ ಆಗಬೇಕು. ಶ್ರೀಮಂತ ದೇಶಗಳಿಗಿಂತ ನಮ್ಮ ಗಡಿ ಸಡಿಲ, ಯಾಕೆಂದರೆ ಇಲ್ಲಿ ತುಸು ದೊಡ್ಡ ಮಕ್ಕಳಿಗೂ ಈ ರೋಗ ಬರುತ್ತದೆ.

ಕೊಬ್ಬಿನಾಮ್ಲಕ್ಕೂ ಈ ರೋಗಕ್ಕೂ ಇರುವ ನಂಟನ್ನು ಚೆನ್ನಾಗಿ ಪರೀಕ್ಷಿಸಿದ್ದು ಸ್ವೀಡನ್. ಮೀನೆಣ್ಣೆ ಬೆರೆತ ಎಮಲ್ಷನ್ ಕೊಟ್ಟಾಗ ಶಿಶುಗಳ ರಕ್ತದಲ್ಲಿ ಡಿಎಚ್‌ಎ ಏರಿತಾದರೂ ಅರಾಕಿಡಾನಿಕ್ ಆಮ್ಲ ಇಳಿಯಿತು, ಕಣ್ಣಿಗೆ ಲಾಭ ಕಾಣಲಿಲ್ಲ. ಆಮೇಲೆ 28 ವಾರಕ್ಕೆ ಮುನ್ನ ಹುಟ್ಟಿದ 206 ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಎರಡನ್ನೂ, ದಿನಕ್ಕೆ ಕಿಲೋಗೆ 100 ಮಿಲಿಗ್ರಾಂ ಅರಾಕಿಡಾನಿಕ್ ಆಮ್ಲ ಮತ್ತು 50 ಮಿಲಿಗ್ರಾಂ ಡಿಎಚ್‌ಎ, ಜಠರದ ಮೂಲಕ ಕೊಟ್ಟು ನೋಡಿದರು. ಅವರಲ್ಲಿ ತೀವ್ರ ಆರ್‌ಒಪಿ ಅರ್ಧಕ್ಕಿಳಿಯಿತು. ಫಲಿತಾಂಶ 2021ರಲ್ಲಿ ಪ್ರಕಟವಾಯಿತು. ಒಂದನ್ನು ಏರಿಸಿ ಇನ್ನೊಂದನ್ನು ಇಳಿಸುವುದಕ್ಕಿಂತ ಎರಡನ್ನೂ ಕೂಡಿ ಕಾಪಾಡುವುದು ಒಳ್ಳೆಯದೆಂಬ ಮಾತಿಗೆ ಇದು ಬಲ ಕೊಟ್ಟಿದೆ. ಆದರೆ ನಮ್ಮ ಮಕ್ಕಳು ಹುಟ್ಟುವ ವಾರ, ತೂಕ, ತಾಯಂದಿರ ಆಹಾರ ಎಲ್ಲವೂ ಸ್ವೀಡನ್ನಿಗಿಂತ ಬೇರೆ. ಕಣ್ಣಿನ ಚಿತ್ರ ಸಾವಿರಗಟ್ಟಲೆ ಕೂಡಿಟ್ಟ ಕರ್ನಾಟಕದಲ್ಲೇ ರಕ್ತದ ಕೊಬ್ಬಿನಾಮ್ಲವನ್ನೂ ಜೊತೆಗಿಟ್ಟು ನೋಡುವ ಅಧ್ಯಯನ ಆಗಬೇಕಾದದ್ದು.

ವಯಸ್ಕರ ಐಸಿಯು

ದೊಡ್ಡವರಿಗೆ ದಿನಕ್ಕೆ ಕಿಲೋಗೆ 1.5 ಗ್ರಾಂ ಕೊಬ್ಬು ಮೇಲ್ಮಿತಿ. ಈ ಲೆಕ್ಕದಲ್ಲಿ ಮರೆತುಹೋಗುವುದು ಪ್ರೊಪೊಫಾಲ್. ವೆಂಟಿಲೇಟರ್ ಮೇಲಿರುವವರಿಗೆ ನಿದ್ದೆ ಬರಿಸಲು ಕೊಡುವ ಆ ಬಿಳಿ ಔಷಧಿಯೂ ಶೇಕಡ 10ರ ಎಣ್ಣೆ ಎಮಲ್ಷನ್ನೇ. ಗಂಟೆಗೆ 20 ಮಿಲಿಲೀಟರಿನಂತೆ ದಿನವಿಡೀ ಹರಿದರೆ 48 ಗ್ರಾಂ ಎಣ್ಣೆ ಪೋಷಣೆಯ ಚೀಟಿಯಲ್ಲಿ ಎಲ್ಲೂ ಬರೆಯದೇ ಒಳಗೆ ಹೋಗಿರುತ್ತದೆ.  

ಅಳತೆ

ದಿನನಿತ್ಯ ನೋಡುವುದು ಟ್ರೈಗ್ಲಿಸರೈಡ್. ಶಿಶುವಿನಲ್ಲಿ ಡೆಸಿಲೀಟರಿಗೆ 265 ಮಿಲಿಗ್ರಾಂ, ದೊಡ್ಡ ಮಕ್ಕಳಲ್ಲಿ 400 ದಾಟಿದರೆ ಲಿಪಿಡ್ ಕಡಿಮೆ ಮಾಡುವ ಯೋಚನೆ ಮಾಡುತ್ತಾರೆ. ಲಿಪಿಡ್ ಹರಿಯುತ್ತಿರುವಾಗಲೇ ರಕ್ತ ತೆಗೆದರೆ ಟ್ಯೂಬು ತಿರುಗಿಸಿದ ಮೇಲೆ ತಿಳಿಹಳದಿ ಇರಬೇಕಾದ ಸೀರಮ್ ನೀರು ಬೆರೆತ ಹಾಲಿನಂತೆ ಕಾಣುತ್ತದೆ. ಆಗ ಸೋಡಿಯಂ ಇದ್ದದ್ದಕ್ಕಿಂತ ಕಡಿಮೆ, ಹಿಮೊಗ್ಲೋಬಿನ್ ಇದ್ದದ್ದಕ್ಕಿಂತ ಹೆಚ್ಚು ತೋರಬಹುದು. ಮಾದರಿಯ ಜೊತೆಗೆ ಲಿಪಿಡ್ ನಡೆಯುತ್ತಿದೆ ಎಂದು ಬರೆದು ಕಳಿಸಿದರೆ ಲ್ಯಾಬಿನವರಿಗೂ ರೋಗಿಗೂ ಉಪಕಾರ.

ಟ್ರೈಗ್ಲಿಸರೈಡ್ ಎಷ್ಟಿದೆ ಎಂಬುದರಿಂದ ಅದರೊಳಗೆ ಯಾವ ಕೊಬ್ಬಿನಾಮ್ಲ ಇದೆಯೆಂದು ತಿಳಿಯದು. ಅದಕ್ಕೆ ರಕ್ತದಿಂದ ಕೊಬ್ಬನ್ನು ಬೇರ್ಪಡಿಸಿ, ಮೀಥೈಲ್ ಎಸ್ಟರಾಗಿಸಿ, ಗ್ಯಾಸ್ ಕ್ರೊಮಟೋಗ್ರಾಫ್ ಯಂತ್ರದಲ್ಲಿ ಒಂದೊಂದಾಗಿ ಗುರುತಿಸಬೇಕು. ದುಬಾರಿ, ನಿಧಾನ. ಎಲ್ಲರಿಗೂ ಮಾಡುವ ಪರೀಕ್ಷೆ ಇದಲ್ಲ. ತಿಂಗಳುಗಟ್ಟಲೆ ಲಿಪಿಡ್ ಮೇಲಿರುವವರಿಗೆ, ಕೊಬ್ಬು ಕಡಿತಗೊಳಿಸಿದವರಿಗೆ, ಮೀನೆಣ್ಣೆ ಒಂದನ್ನೇ ಪಡೆಯುವವರಿಗೆ ಮಾತ್ರ ಇದನ್ನು ಮಾಡಿಸಲೇಬೇಕು.

ಹಾಲಿಗೆ ಮರಳುವುದು

ಬೆಳಕು ಬಿದ್ದರೆ ಲಿಪಿಡ್ ಕೆಡುತ್ತದೆಂದು ಎನ್‌ಐಸಿಯುನಲ್ಲಿ ಸಿರಿಂಜನ್ನೂ ನಳಿಕೆಯನ್ನೂ ಮುಚ್ಚಿಡುವುದು, ದೊಡ್ಡ ಹನಿ ಹೋಗದಂತೆ 1.2 ಮೈಕ್ರಾನಿನ ಸೋಸುಕ ಹಾಕುವುದು, ಇವೆಲ್ಲ ಮಗು ಹಾಲು ಅರಗಿಸಿಕೊಳ್ಳುವವರೆಗಿನ ಕಾವಲು. ತಾಯಿಹಾಲು ಹೆಚ್ಚಿದಂತೆ ಲಿಪಿಡ್ ಇಳಿಸುತ್ತ ಬಂದು ಕೊನೆಗೆ ನಿಲ್ಲಿಸುತ್ತಾರೆ. ಅಲ್ಲಿಂದ ಮುಂದೆ ಮಗುವಿನ ರಕ್ತದ ಡಿಎಚ್‌ಎಗೆ ತಾಯಿಯ ತಟ್ಟೆಯೇ ಮೂಲ. ಜಗತ್ತಿನಾದ್ಯಂತ ತಾಯಿಹಾಲಿನ ಕೊಬ್ಬಿನಲ್ಲಿ ಡಿಎಚ್‌ಎ ಸರಾಸರಿ ಶೇಕಡ 0.32, ಮೀನು ತಿನ್ನುವ ಕರಾವಳಿಗಳಲ್ಲಿ ಅದು ಹೆಚ್ಚು, ಸಸ್ಯಾಹಾರಿಗಳಲ್ಲಿ ಕಡಿಮೆ. ಅಗಸೆಯ ಆಲ್ಫಾ ಲಿನೋಲೆನಿಕ್ ಆಮ್ಲ ದೇಹದಲ್ಲಿ ಡಿಎಚ್‌ಎ ಆಗಿ ಬದಲಾಗುವುದು ಅತ್ಯಲ್ಪ. ಸಸ್ಯಾಹಾರಿ ತಾಯಂದಿರಿಗೆ ಉಳಿದ ದಾರಿ ಪಾಚಿಯಿಂದ ತೆಗೆದ ಡಿಎಚ್‌ಎ. ಬೆಳಗಾವಿಯಲ್ಲಿ ನಡೆದ ಧನಿ ಎಂಬ ಅಧ್ಯಯನದಲ್ಲಿ ಒಂದು ಗುಂಪಿನ ಗರ್ಭಿಣಿಯರಿಗೆ ಗರ್ಭದ 20 ವಾರದೊಳಗಿನಿಂದ ಹೆರಿಗೆಯಾದ ಆರು ತಿಂಗಳವರೆಗೆ ದಿನಕ್ಕೆ 400 ಮಿಲಿಗ್ರಾಮಿನಂತೆ ಕೊಟ್ಟದ್ದು ಅದನ್ನೇ.